ಎಚ್‌ಎಂಟಿ ವಾಚು ಕಟ್ಟಿಕೊಂಡು ಬ್ಯಾಸ್ಕೆಟ್‌ಬಾಲ್ ನಾಡಿಗೆ

ಶಿಕಾಗೋದಲ್ಲಿರುವ ತಂಗಿಯ ಮಗ ಕೇಳಿದ: "ಮಾವ, ನಯಾಗರಾಕ್ಕೆ ಹೋಗೋಣ್ವಾ?"

"ನೀರು ಬೀಳೋದನ್ನ ಜೋಗದಲ್ಲಿ ಬೇಕಾದಷ್ಟು ನೋಡಿದೀನಿ ಕಣೋ. ಲೂಯಿವಿಲ್‌ಗೆ ಕರ್ಕೊಂಡು ಹೋಗು" ಅಂದೆ.

ಅವನು ನನ್ನ ಮುಖ ನೋಡಿದ. ಕೆಂಟಕಿ ರಾಜ್ಯದ, ಯಾರೂ ಕೇಳದ ಊರು ಅದು. ಕಾರಣ ಹೇಳುತ್ತೇನೆ. ದಾವಣಗೆರೆ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ 31 ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು ನಾನು. ಮಣ್ಣಿನ ಕೋರ್ಟು, ಸುಣ್ಣದ ಗೆರೆ, ಬಲೆಯಿಲ್ಲದ ರಿಂಗು. ಒಂದು ತಂಡ ಕಟ್ಟಿ ಯೂನಿವರ್ಸಿಟಿ ಪಂದ್ಯದಲ್ಲಿ ಸೆಮಿಫೈನಲ್ ತಲುಪಿಸೋಕೆ ನನಗೆ ಒಂಬತ್ತು ವರ್ಷ ಹಿಡಿಯಿತು. ಇಲ್ಲಿ ನೋಡಿದರೆ ಲೂಯಿವಿಲ್ ಯೂನಿವರ್ಸಿಟಿಯ ಬ್ಯಾಸ್ಕೆಟ್‌ಬಾಲ್ ತಂಡ 2022–23ರಲ್ಲಿ 32 ಪಂದ್ಯಗಳಲ್ಲಿ 28 ಸೋತಿತ್ತು. ಮುಂದಿನ ವರ್ಷ ಮತ್ತೆ 24 ಸೋಲು. ಆಮೇಲೆ ಪ್ಯಾಟ್ ಕೆಲ್ಸಿ ಅನ್ನೋ ಹೊಸ ಕೋಚ್ ಬಂದ. ಒಂದು ವರ್ಷ ತುಂಬುವ ಮೊದಲೇ ತಂಡ ದೇಶದ ಪಟ್ಟಿಯಲ್ಲಿ 14ನೇ ಜಾಗದಲ್ಲಿತ್ತು. ಹೊಟ್ಟೆಕಿಚ್ಚು ಅಂತಲೇ ಇಟ್ಟುಕೊಳ್ಳಿ, ನೋಡಲೇಬೇಕು ಅನ್ನಿಸಿತು.

ಬುಧವಾರ, ಮಾರ್ಚ್ 5, 2025

ಬೆಳಿಗ್ಗೆ ಹೊರಟಾಗ ಗಾಳಿ ಅಂದರೆ ಗಾಳಿ. ಶಿಕಾಗೋ ದಾಟಿ ಇಂಡಿಯಾನಾದೊಳಗೆ ಐ-65 ಹಿಡಿದ ಮೇಲೆ ರಸ್ತೆ ಹಗ್ಗ ಎಳೆದ ಹಾಗೆ ನೇರ. ಎರಡೂ ಕಡೆ ಜೋಳ ಕೊಯ್ದ ಬೋಳು ಹೊಲ. ಎರಡು ಗಂಟೆ ಆದ ಮೇಲೆ ಗಾಳಿಯಂತ್ರಗಳು ಶುರುವಾದವು. ಚಿತ್ರದುರ್ಗದ ಗುಡ್ಡದ ಮೇಲೆ ಸಾಲಾಗಿ ನಿಲ್ಲುತ್ತವಲ್ಲ, ಅದೇ ಜಾತಿ. ಆದರೆ ಇಲ್ಲಿ ಗುಡ್ಡವೇ ಇಲ್ಲ, ಕಣ್ಣು ಹರಿಯುವಷ್ಟು ದೂರ ಸಮತಟ್ಟು ನೆಲ.

"ಮಾವ, ವಾಚು ಒಂದು ಗಂಟೆ ಮುಂದಕ್ಕೆ ತಿರುಗಿಸಿ. ಇಲ್ಲಿಂದ ಟೈಮ್ ಬೇರೆ" ಅಂದ. ಯಂತ್ರಗಳ ಸಾಲು ಶುರುವಾಗುವ ಹತ್ತಿರವೇ ಕಾಲದ ಗೆರೆ ಇದೆಯಂತೆ. ನನ್ನ ಎಚ್‌ಎಂಟಿಯ ಕಿವಿ ಎಳೆದು ತಿರುಗಿಸಿದೆ. ಅವನ ಫೋನು ತಾನೇ ತಿದ್ದಿಕೊಂಡಿತು. ಅವನ ಹಳೇ ಕಾರಿನ ಗಡಿಯಾರ ಯಾವ ಊರಿಗೂ ಸೇರದ ಟೈಮ್ ತೋರಿಸುತ್ತಿತ್ತು.

ಪೆಟ್ರೋಲ್ ಬಂಕ್ ಪಕ್ಕ ನಿಲ್ಲಿಸಿ, ತಂಗಿಯ ಸೊಸೆ ಕಟ್ಟಿಕೊಟ್ಟ ಪುಳಿಯೋಗರೆ ಬಿಚ್ಚಿದೆವು. ಕಾಗದದ ತಟ್ಟೆ ಪುಳಿಯೋಗರೆ ಸಮೇತ ಹಾರಿಹೋಯಿತು. ಉಳಿದದ್ದನ್ನು ಕಾರಿನೊಳಗೆ ಕೂತು ಡಬ್ಬಿಯಿಂದಲೇ ತಿಂದೆವು. ಮಾರ್ಚ್‌ನಲ್ಲಿ ಆ ಬಯಲಲ್ಲಿ ಹೊರಗೆ ಕೂತು ತಿನ್ನುವ ಆಸೆ ಇಟ್ಟುಕೊಳ್ಳಬೇಡಿ.

ಮಧ್ಯಾಹ್ನ ಮುಗಿಯುವ ಹೊತ್ತಿಗೆ ಬ್ಲೂಮಿಂಗ್ಟನ್. ಇಂಡಿಯಾನಾ ಯೂನಿವರ್ಸಿಟಿಯ ಊರು. ಸುತ್ತಮುತ್ತ ಸುಣ್ಣದಕಲ್ಲಿನ ಕ್ವಾರಿಗಳು. ಎಂಪೈರ್ ಸ್ಟೇಟ್ ಕಟ್ಟಡಕ್ಕೂ ಈ ಸೀಮೆಯ ಕಲ್ಲೇ ಹೋಗಿದ್ದು. ಕ್ಯಾಂಪಸ್ಸಿನ ಕಟ್ಟಡಗಳೆಲ್ಲ ಮಜ್ಜಿಗೆ ಬಣ್ಣ. ಅಸೆಂಬ್ಲಿ ಹಾಲ್ ಅನ್ನೋ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ 17 ಸಾವಿರ ಜನ ಕೂರಬಹುದು. ಅವತ್ತು ಪಂದ್ಯ ಇರಲಿಲ್ಲ. ಒಂದು ಬಾಗಿಲು ತೆರೆದಿತ್ತು, ಸುಮ್ನೆ ಒಳಗೆ ಇಣುಕಿದೆವು. ಗ್ಯಾಲರಿ ಬಾವಿಯ ಮೆಟ್ಟಿಲಿನಷ್ಟು ಕಡಿದು. ಮೇಲಿಂದ ರಾಷ್ಟ್ರೀಯ ಚಾಂಪಿಯನ್ ಆದ ವರ್ಷಗಳ ಐದು ಬಾವುಟ ನೇತಾಡುತ್ತಿದ್ದವು: 1940, 1953, 1976, 1981, 1987. ಕೊನೆಯ ಮೂರೂ ಕೋಚ್ ಬಾಬ್ ನೈಟ್ ಕಾಲದ್ದು. 1976ರ ತಂಡ 32ಕ್ಕೆ 32 ಗೆದ್ದಿತ್ತು. ಆಮೇಲೆ ಮೊದಲ ದರ್ಜೆಯ ಗಂಡಸರ ಕಾಲೇಜು ತಂಡ ಯಾವುದೂ ಒಂದೂ ಸೋಲದೆ ಚಾಂಪಿಯನ್ ಆಗಿಲ್ಲ.

ನಾವು ಹೋದಾಗ ಊರು ಹೊಸ ಕೋಚ್‌ಗೆ ಕಾಯುತ್ತಿತ್ತು. ಆಗಿನ ಕೋಚ್ ಮೈಕ್ ವುಡ್ಸನ್ ಆ ಸೀಸನ್ ಮುಗಿದ ಮೇಲೆ ಬಿಡುತ್ತಾರೆ ಅಂತ ಫೆಬ್ರವರಿ 7ಕ್ಕೇ ಪ್ರಕಟವಾಗಿತ್ತು. ವುಡ್ಸನ್ ಇಲ್ಲಿಯವರೇ. ನೈಟ್ ಕೈಕೆಳಗೆ 1976ರಿಂದ 80ರವರೆಗೆ ಆಡಿದವರು. 2021ರಲ್ಲಿ ಊರು ಅವರನ್ನು ಮನೆ ಮಗನ ಹಾಗೆ ಬರಮಾಡಿಕೊಂಡಿತ್ತು. ಮೊದಲ ಎರಡು ವರ್ಷ ರಾಷ್ಟ್ರೀಯ ಟೂರ್ನಿಗೆ ಹೋದರು. ಆಮೇಲೆ ಜಾರಿತು.

ಹೊರಗೆ ಬೆಂಚಿನ ಮೇಲೆ ಕೆಂಪು ಟೋಪಿಯ ಹಿರಿಯರೊಬ್ಬರು ಕಾಫಿ ಕುಡಿಯುತ್ತಿದ್ದರು. ನಾನು ಕೋಚ್ ಬಗ್ಗೆ ಕೇಳಿದೆ. ಅವರು 1976ರಲ್ಲಿ ತಾವು ಎಲ್ಲಿ ಕೂತಿದ್ದೆವು ಅಂತ ಹೇಳಿದರು. ಮತ್ತೆ ಕೇಳಿದೆ. 1987ರಲ್ಲಿ ಎಲ್ಲಿ ಕೂತಿದ್ದೆವು ಅಂತ ಹೇಳಿದರು. ಮೂರನೇ ಸಲಕ್ಕೆ, "ಒಳ್ಳೆ ಮನುಷ್ಯ. ಆದರೂ ನಮಗೆ ನಮ್ಮವನೇ ಬೇಕು. ಹೊರಗಿನವನಿಗೆ ಈ ಊರು ಅರ್ಥ ಆಗಲ್ಲ" ಅಂದರು. "ಈಗಿದ್ದವರು ನಿಮ್ಮವರೇ ಅಲ್ವಾ?" ಅಂದೆ. ಕಾಫಿ ಲೋಟದ ಮುಚ್ಚಳ ಗಟ್ಟಿಯಾಗಿ ಒತ್ತಿ, "ಅದೇ ಕಷ್ಟ" ಅಂದರು.

ರಾತ್ರಿ ಫೋರ್ತ್ ಸ್ಟ್ರೀಟ್‌ನಲ್ಲಿ ಊಟ. ಒಂದೇ ರಸ್ತೆಯಲ್ಲಿ ಹತ್ತು ದೇಶದ ಅಡುಗೆ. ಟಿಬೆಟ್‌ನವರ ಒಂದು ಪುಟ್ಟ ಹೋಟೆಲಿಗೆ ನುಗ್ಗಿದೆವು. ನಾನು ಕರ್ನಾಟಕ ಅಂದ ತಕ್ಷಣ ಬಡಿಸುತ್ತಿದ್ದವರು, "ನಮ್ಮಕ್ಕ ಬೈಲಕುಪ್ಪೆಯಲ್ಲಿದ್ದಾರೆ" ಅಂದರು. ಮೋಮೊ ಪ್ಲೇಟಿಗೆ ಎರಡು ಜಾಸ್ತಿ ಬಂತು.

ಗುರುವಾರ, ಮಾರ್ಚ್ 6

ಹೆದ್ದಾರಿ ಬಿಟ್ಟು 46ನೇ ನಂಬರ್ ರಸ್ತೆ ಹಿಡಿಯಲು ನಾನೇ ಹೇಳಿದೆ. ಬ್ರೌನ್ ಕೌಂಟಿಯ ಗುಡ್ಡಗಳ ನಡುವೆ ಏರಿ ಇಳಿಯುವ ದಾರಿ. ಎಲೆ ಬರಲು ಇನ್ನೂ ತಿಂಗಳಿತ್ತು, ಆದರೆ ಬೋಳು ಮರಗಳ ಸಂದಿಯಲ್ಲಿ ಮನೆಗಳು ಕಾಣುತ್ತವೆ. ಮನೆಗೊಂದು ಕೊಟ್ಟಿಗೆ, ಕೊಟ್ಟಿಗೆಗೊಂದು ಬ್ಯಾಸ್ಕೆಟ್‌ಬಾಲ್ ರಿಂಗು. ನಮ್ಮಲ್ಲಿ ಗೋಡೆ ಮೇಲೆ ಇದ್ದಿಲಲ್ಲಿ ಮೂರು ವಿಕೆಟ್ ಬರೆದಿರುತ್ತಾರಲ್ಲ, ಹಾಗೆ. 24 ಎಣಿಸಿ ಬಿಟ್ಟೆ.

ಕಾರಲ್ಲಿ ಜಗಳ ಶುರುವಾಗಿದ್ದು ಇಲ್ಲಿಂದ. 2021ರಿಂದ ಇಲ್ಲಿನ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ದುಡ್ಡು ಮಾಡಿಕೊಳ್ಳಬಹುದು. ಅದೇ ವರ್ಷದಿಂದ, ಒಂದು ವರ್ಷ ಆಡದೆ ಕೂರಬೇಕಾದ ಶಿಕ್ಷೆ ಇಲ್ಲದೆ ಕಾಲೇಜು ಬದಲಿಸುವ ದಾರಿಯೂ ತೆರೆಯಿತು. ಹಾಗೆ ಬದಲಿಸುವವರ ಹೆಸರು ಸೇರುವ ಪಟ್ಟಿಗೆ ಟ್ರಾನ್ಸ್‌ಫರ್ ಪೋರ್ಟಲ್ ಅನ್ನುತ್ತಾರೆ. ಕೆಲ್ಸಿ ಬಂದಾಗ ಹಳೇ ತಂಡ ಹೆಚ್ಚುಕಡಿಮೆ ಖಾಲಿ. ವಿಸ್ಕಾನ್ಸಿನ್‌ನಿಂದ ಚಕಿ ಹೆಪ್ಬರ್ನ್, ಜೇಮ್ಸ್ ಮ್ಯಾಡಿಸನ್‌ನಿಂದ ಟೆರೆನ್ಸ್ ಎಡ್ವರ್ಡ್ಸ್, ತಾನು ಮೊದಲಿದ್ದ ಚಾರ್ಲ್ಸ್‌ಟನ್ ಕಾಲೇಜಿನಿಂದ ಆಸ್ಟ್ರೇಲಿಯಾದ ಹುಡುಗ ರೇನ್ ಸ್ಮಿತ್, ಹೀಗೆ ಎಲ್ಲೆಲ್ಲಿಂದಲೋ ಕರೆತಂದ.

"ಇದು ತಂಡ ಕಟ್ಟೋದಲ್ಲ ಕಣೋ, ಸಂತೆಯಿಂದ ತರೋದು" ಅಂದೆ.

"ಮಾವ, ನಾನು ಎಂಟು ವರ್ಷದಲ್ಲಿ ನಾಲ್ಕು ಕಂಪನಿ ಬದಲಿಸಿದೀನಿ. ಹಂಗಾದ್ರೆ ನಾನು ಸುಳ್ಳು ಎಂಜಿನಿಯರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕೋಡುಬಳೆ ಡಬ್ಬಿ ತೆಗೆದೆ.

ಓಹಿಯೋ ನದಿ ದಾಟಿದರೆ ಲೂಯಿವಿಲ್. ಒಂದು ಉಪಾಯ ಕೇಳಿ: ಐ-65ರ ಸೇತುವೆಗೆ ಟೋಲ್ ಇದೆ. ಬೂತೂ ಇಲ್ಲ, ಗೇಟೂ ಇಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ನೋಡಿ ಬಿಲ್ ಕಳಿಸುತ್ತದೆ. ಪಕ್ಕದ ಹಳೇ ಕ್ಲಾರ್ಕ್ ಸೇತುವೆಗೆ ಕಾಸಿಲ್ಲ, ಇಳಿದರೆ ಆಟದ ಅಂಗಳದ ಬಾಗಿಲಲ್ಲೇ ಇರುತ್ತೀರಿ. ನಾವು ನದಿಯ ಈಚೆ ಇಂಡಿಯಾನಾ ಕಡೆಯೇ ಅಗ್ಗದ ರೂಮು ಹಿಡಿದೆವು.

ಸಂಜೆ ಬಿಗ್ ಫೋರ್ ಸೇತುವೆ ಮೇಲೆ ನಡೆದೆವು. ಮೊದಲು ರೈಲು ಓಡುತ್ತಿದ್ದ ಸೇತುವೆ, ಈಗ ನಡೆಯುವವರಿಗೆ. ಕೆಳಗೆ ಕೆಂಪು ನೀರು ಭಾರವಾಗಿ ಹರಿಯುತ್ತಿತ್ತು. ನಾಯಿ ಹಿಡಿದುಕೊಂಡ ಹುಡುಗಿಯೊಬ್ಬಳು ನನ್ನ 'ಲೂಯಿವಿಲ್' ಕೇಳಿ ನಕ್ಕಳು. "ಲೂವಲ್" ಅಂದಳು. ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡು ಹೇಳಬೇಕಂತೆ. ನಾನು ನಾಲ್ಕು ಸಲ ಹೇಳಿದೆ. ನಾಲ್ಕನೇ ಸಲಕ್ಕೆ ನಾಯಿ ಬೊಗಳಿತು.

ಅಂಗಡಿಯಲ್ಲಿ ಒಂದು ಕೆಂಪು ಟೋಪಿ ಕೊಂಡೆ. ಮುಂದೆ ಹಕ್ಕಿಯ ಕೋಪದ ಮುಖ. ಕಾರ್ಡಿನಲ್ ಹಕ್ಕಿ ಈ ತಂಡದ ಗುರುತು.

ಶುಕ್ರವಾರ, ಮಾರ್ಚ್ 7

ಲೂವಲ್‌ನಿಂದ ಲೆಕ್ಸಿಂಗ್ಟನ್ 75 ಮೈಲಿ ಆಸುಪಾಸು. ಅಲ್ಲಿ ಕೆಂಟಕಿ ಯೂನಿವರ್ಸಿಟಿ ಇದೆ. ಎರಡು ಊರಿಗೂ ಹಾವು ಮುಂಗುಸಿ. ಲೂವಲ್ ಕೆಂಪು, ಲೆಕ್ಸಿಂಗ್ಟನ್ ನೀಲಿ. ಇದು ಗೊತ್ತಿದ್ದೂ ನಾನು ಟೋಪಿ ಹಾಕಿಕೊಂಡೇ ಹೋದೆ. ಬುದ್ಧಿ ಅಂದರೆ ಇದು.

ಫ್ರಾಂಕ್‌ಫರ್ಟ್ ದಾಟಿ ಹಳೇ ರಸ್ತೆಗೆ ಇಳಿದರೆ ಕುದುರೆ ಫಾರಂಗಳು. ಮೈಲಿಗಟ್ಟಲೆ ಕಪ್ಪು ಹಲಗೆ ಬೇಲಿ, ಬೇಲಿಯಾಚೆ ಕುದುರೆಗಳು ಹೊದಿಕೆ ಹೊದ್ದು ನಿಂತಿದ್ದವು. ಕೆಲವರ ಮನೆಗಿಂತ ಆ ಲಾಯಗಳೇ ಚೆನ್ನಾಗಿವೆ. ಕಾರು ನಿಲ್ಲಿಸಿದರೆ ಒಂದು ಕುದುರೆ ಬೇಲಿ ತನಕ ಬಂದು ನನ್ನ ಟೋಪಿಯನ್ನೇ ಮೂಸಿತು. "ಅದಕ್ಕೂ ಗೊತ್ತು ಮಾವ" ಅಂದ ಹುಡುಗ.

ಅವರ ಆಟದ ಅಂಗಳ ರಪ್ ಅರೀನಾ ಅವತ್ತು ಖಾಲಿ, ತಂಡ ಹೊರ ಊರಿನ ಪಂದ್ಯಕ್ಕೆ ಹೋಗಿತ್ತು. ಎಂಟು ಸಲ ರಾಷ್ಟ್ರೀಯ ಚಾಂಪಿಯನ್ ಆದ ಕಾಲೇಜು ಇದು. ಪಕ್ಕದ ಬೀದಿಯಲ್ಲಿ ಊಟಕ್ಕೆ ಕೂತೆವು. ಬಡಿಸುವ ಹೆಂಗಸು ನನ್ನ ತಲೆ ನೋಡಿ, "ಊಟ ಕೊಡ್ತೀನಿ. ಆದರೆ ಅದು ಮೇಜಿನ ಕೆಳಗೆ ಇರಲಿ" ಅಂದಳು. ನಗುತ್ತಲೇ ಅಂದಳು, ಆದರೆ ಟೋಪಿ ಕೆಳಗೆ ಹೋಗುವ ತನಕ ಕದಲಲಿಲ್ಲ. ಕುಡಿಯಲು ಏಲ್-ಏಟ್ ಅಂತ ಹಸಿರು ಬಾಟಲಿ ತಂದಿಟ್ಟಳು. ಹತ್ತಿರದ ವಿಂಚೆಸ್ಟರ್ ಊರಲ್ಲಿ ತಯಾರಾಗುವ ಶುಂಠಿ ಸೋಡಾ. ನಮ್ಮೂರ ಗೋಲಿ ಸೋಡಾಕ್ಕೆ ಶುಂಠಿ ಹಿಂಡಿದ ಹಾಗೆ. ಎರಡು ಕುಡಿದೆ.

ಪಕ್ಕದ ಮೇಜಿನಲ್ಲಿ ನಲ್ವತ್ತರ ಆಸುಪಾಸಿನ ಗಂಡ ಹೆಂಡತಿ ಇದ್ದರು. ಇವರೂ 2024ರ ಏಪ್ರಿಲ್‌ನಲ್ಲಿ ಹೊಸ ಕೋಚ್ ಪಡೆದವರು. ಜಾನ್ ಕ್ಯಾಲಿಪಾರಿ 15 ವರ್ಷ ಇದ್ದು ಅರ್ಕಾನ್ಸಾಗೆ ಹೋದ ಮೇಲೆ ಮಾರ್ಕ್ ಪೋಪ್ ಬಂದರು. 1996ರಲ್ಲಿ ಗೆದ್ದ ಕೆಂಟಕಿ ತಂಡದ ನಾಯಕ. ನಡುವೆ ಡಾಕ್ಟರ್ ಆಗಲು ಕೊಲಂಬಿಯಾದಲ್ಲಿ ಓದಿ, ಅದನ್ನು ಬಿಟ್ಟು ಕೋಚಿಂಗ್‌ಗೆ ಬಂದವರು. ಮಗ ಮೆಡಿಕಲ್ ಸೀಟು ಬಿಟ್ಟು ಪಿ.ಟಿ. ಮೇಷ್ಟ್ರಾಗ್ತೀನಿ ಅಂದರೆ ನಮ್ಮಲ್ಲಿ ಅಮ್ಮಂದಿರು ಏನು ಮಾಡಿಯಾರು, ಯೋಚಿಸಿ.

"ಹೆಸರು ಕೇಳಿದ ದಿನ ಇವರು ಟಿವಿ ರಿಮೋಟ್ ಎಸೆದಿದ್ರು" ಅಂದಳು ಹೆಂಡತಿ. ಪೋಪ್ ಅದುವರೆಗೆ ರಾಷ್ಟ್ರೀಯ ಟೂರ್ನಿಯಲ್ಲಿ ಕೋಚ್ ಆಗಿ ಒಂದು ಪಂದ್ಯವೂ ಗೆದ್ದಿರಲಿಲ್ಲ, ಅದೇ ಸಿಟ್ಟು. ಎರಡೇ ದಿನದ ನಂತರ ಪರಿಚಯದ ಕಾರ್ಯಕ್ರಮ. ಬರೀ ಭಾಷಣ, ಪಂದ್ಯವೇನಿಲ್ಲ. ಅದಕ್ಕೆ 20 ಸಾವಿರದಷ್ಟು ಜನ! ಪೋಪ್ 1996ರ ಗೆಳೆಯರ ಜೊತೆ ಬಸ್ಸಿನಿಂದ ಇಳಿದು, ಆ ವರ್ಷದ ಕಪ್ಪು ಎತ್ತಿಕೊಂಡು ಬಂದರಂತೆ. ರಿಮೋಟ್ ಎಸೆದ ಗಂಡ ಅವತ್ತು ಬೆಳಿಗ್ಗೆಯಿಂದ ಕ್ಯೂನಲ್ಲಿದ್ದನಂತೆ. "ಅಳು ಬಂತು" ಅಂತ ತಾನೇ ಹೇಳಿದ. ತೇರು ಎಳೆಯುವ ದಿನ ಊರು ಬಿಟ್ಟವರೂ ಬಂದು ಹಗ್ಗ ಹಿಡಿಯುತ್ತಾರಲ್ಲ, ನನಗೆ ಅದೇ ಕಣ್ಣಮುಂದೆ ಬಂತು.

ಹಾಗಾದರೆ ಮನೆ ಮಗನೇ ಸರಿಯೇನೋ ಅಂದುಕೊಂಡು ಲೂವಲ್‌ಗೆ ವಾಪಸ್ಸಾದೆ. ಫೋನಿನ ಚಾರ್ಜರ್ ಲೆಕ್ಸಿಂಗ್ಟನ್ನಿನ ಆ ಮೇಜಿನ ಬಳಿಯೇ ಉಳಿದಿತ್ತು. ಟೋಪಿ ಮರೆಯಲಿಲ್ಲ, ನೋಡಿ.

ಶನಿವಾರ, ಮಾರ್ಚ್ 8

ಪಂದ್ಯಕ್ಕೆ ಮೊದಲು ಲೂವಲ್‌ನ ಬೆನೆಡಿಕ್ಟೀನ್ ಸ್ಯಾಂಡ್‌ವಿಚ್. ಸೌತೆಕಾಯಿ, ಈರುಳ್ಳಿ ರಸ, ಕ್ರೀಮ್ ಚೀಸ್ ಕಲಸಿ ಬ್ರೆಡ್ಡಿಗೆ ಸವರಿರುತ್ತಾರೆ. ತಿಳಿ ಹಸಿರು ಬಣ್ಣ. ಸೌತೆಕಾಯಿ ಮೊಸರುಬಜ್ಜಿಯನ್ನು ಗಟ್ಟಿ ಮಾಡಿದರೆ ಹೀಗೇ ಇರುತ್ತದೆ. ಸೊಪ್ಪು ಸದೆ ತಿನ್ನುವವರು ಇದನ್ನು ಬಿಡಬೇಡಿ, ಕೆಂಟಕಿಯಲ್ಲಿ ಮಿಕ್ಕ ಹೆಸರುವಾಸಿ ತಿಂಡಿಗಳಲ್ಲಿ ಎಷ್ಟೋದಕ್ಕೆ ಮಾಂಸ ಸೇರುತ್ತದೆ.

ನದಿ ದಂಡೆಯ ಕೆಎಫ್‌ಸಿ ಯಮ್ ಸೆಂಟರ್ ಅನ್ನೋ ಆಟದ ಅಂಗಳದ ಬಾಗಿಲಲ್ಲಿ ನನ್ನನ್ನು ತಡೆದರು. ಹೆಗಲ ಚೀಲ ಒಳಗೆ ಬಿಡಲ್ಲ. ಒಳಗೆ ಬರೀ ಕೋಡುಬಳೆ ಅಂತ ಎಷ್ಟು ಹೇಳಿದರೂ ಆಗಲಿಲ್ಲ. ತಪ್ಪು ನನ್ನದೇ, ಟಿಕೆಟ್ಟಿನಲ್ಲೇ ಬರೆದಿತ್ತಂತೆ. ಕಾರಿನ ತನಕ ನಡೆದು ಚೀಲ ಇಟ್ಟು ಬರುವಷ್ಟರಲ್ಲಿ ಬೆವರು. ಕೋಡುಬಳೆ ಎರಡು ಜೇಬಿನಲ್ಲಿ ಬಂದವು, ಅದು ಬೇರೆ ಮಾತು.

ನಮ್ಮದು ಮೇಲಿನ ಸಾಲು. 22 ಸಾವಿರ ಜನ ಕೂರುವ ಅಂಗಳ, 2010ರಲ್ಲಿ ಕಟ್ಟಿದ್ದು. ಈ ಊರಿಗೆ ಎನ್‌ಬಿಎ ಅನ್ನೋ ದೊಡ್ಡ ವೃತ್ತಿಪರ ಲೀಗಿನ ತಂಡವಿಲ್ಲ. ಕೆಂಟಕಿ ಕರ್ನಲ್ಸ್ ಅಂತ ಒಂದು ವೃತ್ತಿಪರ ತಂಡವಿತ್ತು, 1976ರಲ್ಲಿ ಮುಚ್ಚಿತು. ಅಲ್ಲಿಂದ ಊರಿನ ಆಸೆಯೆಲ್ಲ ಈ ಕಾಲೇಜು ಹುಡುಗರ ಮೇಲೆಯೇ. ಡೆನ್ನಿ ಕ್ರಮ್ 30 ವರ್ಷ ಕೋಚ್ ಆಗಿದ್ದು 1980 ಮತ್ತು 1986ರಲ್ಲಿ ಚಾಂಪಿಯನ್ ಮಾಡಿದರು. 2013ರ ಮೂರನೇ ಕಪ್ಪನ್ನು ನಿಯಮ ಮುರಿದದ್ದಕ್ಕೆ 2018ರಲ್ಲಿ ದಾಖಲೆಯಿಂದಲೇ ಅಳಿಸಿದರು. ಆ ಎರಡು ಕೆಟ್ಟ ವರ್ಷಗಳ ಕೋಚ್ ಕೆನ್ನಿ ಪೇನ್ ಕೂಡ ಮನೆ ಮಗನೇ, 1986ರ ತಂಡದಲ್ಲಿದ್ದವರು. ಈಗಿನ ಕೆಲ್ಸಿ ಸಿನ್ಸಿನಾಟಿ ಕಡೆಯವ, ಈ ಕಾಲೇಜಿಗೆ ಸಂಬಂಧವೇ ಇಲ್ಲ. ನಿನ್ನೆಯ ನನ್ನ ಲೆಕ್ಕ ಅಲ್ಲಿಗೆ ಮುಗಿಯಿತು.

ಪಕ್ಕದಲ್ಲಿ ಎಪ್ಪತ್ತು ದಾಟಿದ ಅಜ್ಜಿ, ಕೆಂಪು ಸ್ವೆಟರ್. "ಎರಡು ವರ್ಷ ಇಲ್ಲಿ ಹೆಸರಿಟ್ಟು ಕರೀಬಹುದಿತ್ತು, ಅಷ್ಟೇ ಜನ" ಅಂದರು. ಅವರು ಒಂದು ಪಂದ್ಯವನ್ನೂ ತಪ್ಪಿಸಿಲ್ಲ. ಜೊತೆಗೆ ಬರುತ್ತಿದ್ದ ತಮ್ಮ ಮೊದಲ ವರ್ಷ ಅರ್ಧಕ್ಕೇ ಬಿಟ್ಟ. ಜನವರಿಯಲ್ಲಿ ಫೋನ್ ಮಾಡಿ, "ಅಕ್ಕಾ, ನನ್ನ ಸೀಟು" ಅಂದನಂತೆ. "ನಿನ್ನ ಸೀಟಿನಲ್ಲಿ ನನ್ನ ಕೋಟು ಕೂರುತ್ತೆ ಅಂದೆ" ಅಂತ ಪಕ್ಕದ ಕುರ್ಚಿ ತೋರಿಸಿದರು. ನಿಜವಾಗಿಯೂ ಅಲ್ಲಿ ಕೋಟು ಮಾತ್ರ ಇತ್ತು.

ಸೀಸನ್ನಿನ ಕೊನೆಯ ಮನೆ ಪಂದ್ಯ. ಕೊನೆಯ ವರ್ಷದ ಹುಡುಗರು ಅಪ್ಪ ಅಮ್ಮನ ಜೊತೆ ನಡುಅಂಗಳಕ್ಕೆ ಬಂದರು. ಹೆಪ್ಬರ್ನ್ ಬೇರೆ ಕಾಲೇಜಿನಲ್ಲಿ ಮೂರು ವರ್ಷ ಆಡಿ ಬಂದವನು, ಈ ಊರಲ್ಲಿ ಒಂದು ವರ್ಷವೂ ತುಂಬಿರಲಿಲ್ಲ. ಆದರೂ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ ರೀತಿ ನೋಡಿ, ಸಂತೆ ಅನ್ನೋ ನನ್ನ ಮಾತು ಗಂಟಲಲ್ಲೇ ಉಳಿಯಿತು. ತಂಗಿಯ ಮಗ ನನ್ನ ಕಡೆ ನೋಡಿದ. ನಾನು ಛಾವಣಿ ನೋಡಿದೆ.

ಎದುರಾಳಿ ಸ್ಟ್ಯಾನ್‌ಫರ್ಡ್. ನಾನು ಚೆಂಡು ನೋಡಿದ್ದು ಕಡಿಮೆ. ಹಳೇ ಚಟ, ಕಣ್ಣು ಕೋಚ್ ಮೇಲೆ. ಕೆಲ್ಸಿ ಕೂತಿದ್ದನ್ನು ನಾನು ಕಾಣಲಿಲ್ಲ. ಗೆರೆಯುದ್ದಕ್ಕೂ ಅತ್ತಿಂದಿತ್ತ ಓಡಾಟ, ಚಪ್ಪಾಳೆ, ಕೂಗು. ನಾನು ಹೆಚ್ಚು ಗಮನಿಸಿದ್ದು ಬೆಂಚನ್ನು. ಆಟದಿಂದ ಹೊರಬಂದ ಹುಡುಗ ಕುರ್ಚಿಗೆ ಬೀಳುವ ಮುಂಚೆ ಬೆಂಚಿನ ಪ್ರತಿಯೊಬ್ಬನ ಕೈಗೂ ಕೈ ತಟ್ಟುತ್ತಿದ್ದ. ತಪ್ಪು ಮಾಡಿ ಬಂದವನೂ ಅಷ್ಟೇ. ನಮ್ಮ ಹುಡುಗರು ತಪ್ಪು ಮಾಡಿ ಬಂದರೆ ಟವೆಲ್ ಮುಖಕ್ಕೆ ಹಾಕಿಕೊಂಡು ಮೂಲೆಗೆ ಹೋಗುತ್ತಿದ್ದರು. ನಾನು ಬಿಡುತ್ತಿದ್ದೆ. ಯಾಕೆ ಬಿಟ್ಟೆನೋ.

ಸುಲಭದ ಪಂದ್ಯ ಅಂದುಕೊಂಡಿದ್ದೆವು, ಆಗಲಿಲ್ಲ. ಕೊನೆಯ ನಿಮಿಷದವರೆಗೂ ಎಳೆದಾಟ. ಜನ ಕೈಯೆತ್ತಿ ಸಿ-ಎ-ಆರ್-ಡಿ-ಎಸ್ ಅಂತ ಅಕ್ಷರ ಕೂಗಿದರು, ನಾನೂ ಕೂಗಿದೆ, ಆರ್ ಬಿಟ್ಟುಹೋಯಿತು. ಕೊನೆಯ ಕ್ಷಣ. ಚೆಂಡು ಹೆಪ್ಬರ್ನ್ ಕೈಯಲ್ಲಿ. ಅವನು ನೆಗೆದ. ಅಷ್ಟರಲ್ಲಿ ಅಜ್ಜಿ ನನ್ನ ತೋಳು ಹಿಡಿದು ಜಗ್ಗಿದರು, ನನ್ನ ಟೋಪಿ ಕಣ್ಣಿನ ಮೇಲೆ ಬಂತು. ಬಝರ್ ಕೇಳಿಸಿತು. ಆಮೇಲೆ ಕೇಳಿದ್ದು ಮಳೆಗಾಲದ ಜೋಗದ ಸದ್ದು. ಟೋಪಿ ಮೇಲೆತ್ತಿದಾಗ 68–66. ಆ ಹಾರಿಸಿದ ಚೆಂಡನ್ನು ದೊಡ್ಡ ಪರದೆಯ ಮೇಲೆ ಮಾತ್ರ ನೋಡಿದ್ದೇನೆ, ಒಂಬತ್ತು ಸಾವಿರ ಮೈಲಿ ಹೋಗಿ.

ಸೀಸನ್ನಿನಲ್ಲಿ ಅಲ್ಲಿಗೆ 25 ಗೆಲುವು, 6 ಸೋಲು. ಅಜ್ಜಿ ಕೋಟು ಹಾಕಿಕೊಳ್ಳುತ್ತಾ, "ತಮ್ಮನಿಗೆ ಫೋನ್ ಮಾಡಬೇಕು" ಅಂದರು. ಹೊಟ್ಟೆ ಉರಿಸೋಕೋ ಕರೆಯೋಕೋ, ಹೇಳಲಿಲ್ಲ. ಜೇಬಿನ ಕೋಡುಬಳೆ ಒಂದು ಅವರಿಗೆ ಕೊಟ್ಟೆ. ಅರ್ಧ ಮುರಿದಿತ್ತು. "ಖಾರ!" ಅಂತ ಪೂರ್ತಿ ತಿಂದರು.

ಭಾನುವಾರ, ಮಾರ್ಚ್ 9

ಊರಿನ ಪೂರ್ವಕ್ಕೆ ಹಾಸನ ಕಡೆಯ ಕುಟುಂಬವೊಂದಿದೆ, ಹುಡುಗನ ಗೆಳೆಯರು. ಎಂಟೂವರೆಗೆ ತಿಂಡಿಗೆ ಬನ್ನಿ ಅಂದಿದ್ದರು. ಚಾರ್ಜರ್ ಇಲ್ಲದೆ ಅವನ ಫೋನು ಸತ್ತಿತ್ತು. ಎಬ್ಬಿಸುವ ಹೊಣೆ ನನ್ನ ಎಚ್‌ಎಂಟಿಯದು. ಸರಿಯಾಗಿ ಎಂಟೂವರೆಗೆ ಬಾಗಿಲು ತಟ್ಟಿದೆವು.

"ಬನ್ನಿ ಸರ್, ನೀವು ಬರಲ್ವೇನೋ ಅಂದ್ಕೊಂಡ್ವಿ" ಅಂದರು ಮನೆಯಾಕೆ. ಗೋಡೆ ಗಡಿಯಾರದಲ್ಲಿ ಒಂಬತ್ತೂವರೆ. ಮಾರ್ಚ್‌ನ ಎರಡನೇ ಭಾನುವಾರ ರಾತ್ರಿ ಎರಡು ಗಂಟೆಗೆ ಹೆಚ್ಚುಕಡಿಮೆ ಇಡೀ ದೇಶ ಗಡಿಯಾರವನ್ನು ಮೂರಕ್ಕೆ ತಳ್ಳುತ್ತದಂತೆ. ಫೋನುಗಳಿಗೆ ಗೊತ್ತು, ಎಚ್‌ಎಂಟಿಗೆ ಯಾರು ಹೇಳಬೇಕು? ಇಡ್ಲಿ ಆರಿತ್ತು. ಚಟ್ನಿ ಮಾತ್ರ ಎರಡನೇ ಸಲ ರುಬ್ಬಿದರು, ಹಾಸನದವರ ಕೈ.

ಮತ್ತೆ ಕಿವಿ ಎಳೆದು ಮುಳ್ಳು ಮುಂದಕ್ಕೆ. ಸಂಜೆ ಗಾಳಿಯಂತ್ರಗಳ ಸಾಲು ಮುಗಿಯುವಲ್ಲಿ ಹಿಂದಕ್ಕೆ. "ಈಗ ಸರಿಯಾಯ್ತಾ?" ಅಂದೆ. "ಕಾರಿಂದು ಇನ್ನೂ ಇಲ್ಲ" ಅಂದ.

ಆಮೇಲಿನದು ಟಿವಿಯಲ್ಲಿ. ಗುರುವಾರ ಲೀಗ್ ಟೂರ್ನಿಯಲ್ಲಿ ಮತ್ತದೇ ಸ್ಟ್ಯಾನ್‌ಫರ್ಡ್, ಮತ್ತೆ ಕೊನೆಯ ಕ್ಷಣದಲ್ಲಿ ಹೆಪ್ಬರ್ನ್. ಈ ಸಲ ಟೋಪಿ ತೆಗೆದಿಟ್ಟು ನೋಡಿದೆ. ಫೈನಲ್‌ನಲ್ಲಿ ಡ್ಯೂಕ್ ಕೈಲಿ ಸೋತರು. ರಾಷ್ಟ್ರೀಯ ಟೂರ್ನಿಯ ಮೊದಲ ಪಂದ್ಯವನ್ನು ಎಲ್ಲಿ ಹಾಕಿದರು ಅನ್ನುತ್ತೀರಿ? ಲೆಕ್ಸಿಂಗ್ಟನ್ನಿನ ರಪ್ ಅರೀನಾದಲ್ಲಿ, ನೀಲಿಯವರ ಅಂಗಳದಲ್ಲಿ! ಕ್ರೇಟನ್ ಎದುರು 89–75 ಸೋಲು, ಸೀಸನ್ ಮುಗಿಯಿತು. ನನ್ನ ಟೋಪಿಯ ಗತಿಯೇ ತಂಡಕ್ಕೂ ಆಯಿತು.

ಮಾರ್ಚ್ 18ಕ್ಕೆ ಬ್ಲೂಮಿಂಗ್ಟನ್ನಿಗೂ ಕೋಚ್ ಸಿಕ್ಕಿದರು. ಡೇರಿಯನ್ ಡೆವ್ರೀಸ್, ವೆಸ್ಟ್ ವರ್ಜೀನಿಯಾದಿಂದ. ಹುಡುಗ ಸುದ್ದಿ ತೋರಿಸಿ, "ಹೊರಗಿನವ, ಮಾವ" ಅಂದ.

ಆ ಕೆಂಪು ಟೋಪಿಯ ಹಿರಿಯರ ಫೋನ್ ನಂಬರ್ ತಗೋಬೇಕಿತ್ತು.